ಬಾಂಗ್ ಸಾಹೇಬರ ನಾಬಿ ಬೇಟೆ

ಇಷ್ಟಕ್ಕೆಲ್ಲ ಕಾರಣ ಒಂದು ಬಿಳಿ ಚಿಟ್ಟೆ. ಅದು ಕೂತದ್ದು ಬಾಂಗ್ ಸೂತೇಯ ಎಲೆಕೋಸಿನ ಮೇಲೆ. ಅವನಿಗೆ ಮಾತ್ರ ತನ್ನ ನೆತ್ತಿಯ ಮೇಲೇ ಬಂದು ಕೂತಂತೆ ಉರಿಯಿತು.

ಸೂತೇ ನಮ್ಮ ತಾಮ್‌ಗೋಲ್ ಹಳ್ಳಿಯವನಲ್ಲ. ಸಿಯೋಲಿನಲ್ಲಿ ಲಿಫ್ಟುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಲಿಫ್ಟಿನ ಹಗ್ಗ ಕಿರ್ ಅನ್ನುವ ಮೊದಲೇ ಅದು ಕಿರ್ ಅನ್ನಲಿದೆ ಎಂದು ತಿಳಿಯುವಂಥ ಕಿವಿ ಅವನದು. ಆ ಕಿವಿ ಹೊಟ್ಟೆಗೆ ಅನ್ನ ಹಾಕಿತು, ಮನೆಯ ನೆಮ್ಮದಿಗೆ ಮಣ್ಣು ಹಾಕಿತು. ಮೇಲಿನ ಮಹಡಿಯ ಮಗು ಓಡಿದರೆ ಕೇಳುತ್ತಿತ್ತು. ಆ ಮಗುವಿನ ಅಜ್ಜ ಹಲ್ಲಿನ ಸೆಟ್ಟು ತೆಗೆದು ಲೋಟಕ್ಕೆ ಹಾಕಿದರೂ ಕೇಳುತ್ತಿತ್ತು. ಸೂತೇ ಕಸಬರಿಗೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದ, ಮೇಲಿನವರು ಹಿಮ್ಮಡಿಯಿಂದ ಉತ್ತರ ಕುಟ್ಟುತ್ತಿದ್ದರು. ಹೀಗೆ ಕುಟ್ಟಿ ಕುಟ್ಟಿ ಮೂರು ಅಪಾರ್ಟ್‌ಮೆಂಟು ಬಿಟ್ಟದ್ದಾಯಿತು.

ಕೊನೆಗೆ ಹೆಂಡತಿ ಗುಮ್ಹೀ ಖಡಾಖಂಡಿತವಾಗಿ ಹೇಳಿದಳು: "ನೋಡ್ರೀ, ಇನ್ನು ಒಂದೇ ಒಂದು ಮನೆ. ತಲೆ ಮೇಲೆ ಆಕಾಶ ಬಿಟ್ರೆ ಬೇರೆ ಯಾರೂ ಇರಬಾರ್ದು. ಅಲ್ಲೂ ನೆರೆಹೊರೆಯೋರ ಹತ್ರ ಕೆಡಿಸ್ಕೊಂಡ್ರೆ ನಾನು ಬುಸಾನಿಗೆ, ಅಕ್ಕನ ಮನೆಗೆ. ನೀವು ನಿಮ್ಮ ಕಿವಿ ಜತೆ ಸಂಸಾರ ಮಾಡ್ಕೊಂಡಿರಿ."

ನಮ್ಮೂರಿಗೆ ಬಂದ ಮೇಲೆ ಅವಳು ಎಲ್ಲ ಪೆಟ್ಟಿಗೆ ಬಿಚ್ಚಿದಳು, ಒಂದು ಕಂದು ಸೂಟ್‌ಕೇಸನ್ನು ಮಾತ್ರ ಬಿಚ್ಚಲಿಲ್ಲ. ಅದನ್ನು ತಂದು ಹೊಸ್ತಿಲ ಪಕ್ಕದಲ್ಲಿ ನಿಲ್ಲಿಸಿದಳು. "ಅದು ಅಲ್ಲೇ ಇರ್ಲಿ" ಅಂದಳು. ಸೂತೇ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗಲೆಲ್ಲ ಅದು ಅವನ ಮುಖ ನೋಡುತ್ತಿತ್ತು.

ಹಾಗಾಗಿ ಅವನು ಊರಲ್ಲಿ ಬಲು ಸಾಧುವಾಗಿದ್ದ. ಎದುರು ಬಂದವರಿಗೆಲ್ಲ ನಡು ಮುರಿಯುವಷ್ಟು ಬಗ್ಗುತ್ತಿದ್ದ. ಮನೆ ಮುಂದಿನ ತುಂಡು ನೆಲದಲ್ಲಿ ಎಲೆಕೋಸು ಹಾಕಿದ. ಚಳಿಗಾಲಕ್ಕೆಂದು ಜಾಡಿಯಲ್ಲಿ ಹಾಕಿಡುವ ಖಾರದ ಕಿಮ್ಚಿಗೆ ಸ್ವಂತ ಕೋಸು ಇಲ್ಲದವನನ್ನು ನಮ್ಮ ಕಡೆ ಮನುಷ್ಯ ಅಂತ ಯಾರು ಕರೆಯುತ್ತಾರೆ? ಕೋಸು ಚೆನ್ನಾಗಿಯೇ ಬಂತು. ಅದರ ಹಿಂದೆಯೇ ಬಿಳಿ ಚಿಟ್ಟೆಗಳೂ ಬಂದವು, ಮೊಟ್ಟೆ ಇಟ್ಟವು, ಮೊಟ್ಟೆಗಳು ಹಸಿರು ಹುಳುಗಳಾದವು. ಎಲೆ ಜರಡಿಯಾಯಿತು.

ಚಿಟ್ಟೆಗೆ ನಮ್ಮಲ್ಲಿ ನಾಬಿ ಅನ್ನುತ್ತೇವೆ. ತಮಾಷೆ ಏನೆಂದರೆ, ಹಳ್ಳಿಯಲ್ಲಿ ಸಾಕಿದ ಬೆಕ್ಕನ್ನೂ ನಾಬಿ ಎಂದೇ ಕರೆಯುತ್ತೇವೆ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ನನ್ನ ಅಜ್ಜಿಯ ಬೆಕ್ಕೂ ನಾಬಿ, ಅವಳ ಅಜ್ಜಿಯ ಬೆಕ್ಕೂ ನಾಬಿ. ಸಿಯೋಲಿನವರು ಈಗ ಬೆಕ್ಕಿಗೆ ಕಾಫಿ, ಬಿಸ್ಕತ್ತುಗಳ ಹೆಸರಿಡುತ್ತಾರಂತೆ. ಸೂತೇಗೆ ನಾಬಿ ಅಂದರೆ ರೆಕ್ಕೆ ಇರುವ ಶತ್ರು ಒಂದೇ.

ಆ ದಿನ ಊರಿಗೆ ಊರೇ ಬಸ್ಸು ಮಾಡಿಕೊಂಡು ಬಂದರಿನ ಸೀಗಡಿ ಸಂತೆಗೆ ಹೊರಡುವುದಿತ್ತು. ಕಿಮ್ಚಿಗೆ ಉಪ್ಪು ಸೀಗಡಿ ತರುವುದು ನೆಪ, ಬಸ್ಸಿನಲ್ಲಿ ಕುಣಿಯುವುದು ಮುಖ್ಯ. ಹೊಸಬನಾದ ಸೂತೇಗೆ ಇದು ಮೊದಲ ಪ್ರವಾಸ. "ಇವತ್ತು ಚೆನ್ನಾಗಿ ನಡ್ಕೊಂಡ್ರೆ ನೀವು ಈ ಊರೋರು. ಇಲ್ಲಾಂದ್ರೆ ಗೊತ್ತಲ್ಲ" ಎಂದು ಗುಮ್ಹೀ ಬೆಳಿಗ್ಗೆಯೇ ಸೂಟ್‌ಕೇಸಿನ ಕಡೆ ಕಣ್ಣು ಹೊರಳಿಸಿದ್ದಳು.

ಹೊರಡುವ ಮುಂಚೆ ಸೂತೇ ಕೊನೆಯ ಬಾರಿ ತೋಟಕ್ಕೆ ಇಳಿದ. ಆಗಲೇ ಆ ಬಿಳಿ ಚಿಟ್ಟೆ ಕೂತದ್ದು. ಸೂತೇಯ ಸಾಧುತನವೆಲ್ಲ ಹಾರಿಹೋಯಿತು.

"ಲೇ ನಾಬಿ! ಮತ್ತೆ ಬಂದ್ಯಾ? ನಿನ್ನ ಸಂತಾನಾನೇ ನಿರ್ವಂಶ ಮಾಡ್ಲಿಲ್ಲ ಅಂದ್ರೆ ನನ್ನ ಹೆಸರು ಬಾಂಗ್ ಸೂತೇ ಅಲ್ಲ! ನಿನ್ನ ಮರಿಗಳನ್ನ ಒಂದೊಂದಾಗಿ ಹಿಡಿದು ಹೊಸಕಿ ಹಾಕ್ತೀನಿ!"

ಎದುರುಮನೆಯ ಸೊಸಾನ್ ಅಕ್ಕ ಗೋಡೆಯಾಚೆ ಮೆಣಸಿನಕಾಯಿ ಹರವುತ್ತಿದ್ದಳು. ಸೊಸಾನ್ ಅವಳ ತವರೂರು. ನಮ್ಮಲ್ಲಿ ಹೆಂಗಸರನ್ನು ಕರೆಯುವುದೇ ತವರಿನ ಹೆಸರಿಂದ. ಅವಳಿಗೆ ಒಂದು ಮಾತು ಸಿಕ್ಕರೆ ಊರ ಯಜಮಾನನ ಧ್ವನಿವರ್ಧಕ ಬೇಕಾಗುವುದಿಲ್ಲ. ಮೆಣಸಿನಕಾಯಿ ಅವಳ ಕೈಯಲ್ಲೇ ನಿಂತಿತು.

ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಹಾನ್‌ಸಿಲ್ ಅಜ್ಜಿಯ ದನಿ ಕೇಳಿಸಿತು. "ನಾಬೀ... ಬಾರೇ ನಾಬೀ..." ಅವಳ ಮೂರು ಬಣ್ಣದ ಬೆಕ್ಕು ರಾತ್ರಿಯಿಂದ ಬಂದಿರಲಿಲ್ಲ. ಮಕ್ಕಳಿಲ್ಲದ ಅಜ್ಜಿಗೆ ಅದೇ ಮಗಳು. ಮೀನಿನ ತಲೆ ಅದಕ್ಕೆ, ಬಾಲ ತನಗೆ. ಅದು ಊರಿಗೆಲ್ಲ ಗೊತ್ತಿತ್ತು, ಯಾವಾಗಲೂ ಎಲೆಯ ಅಡಿಯಲ್ಲೇ ಕಣ್ಣಿಟ್ಟುಕೊಂಡಿದ್ದ ಸೂತೇಗೆ ಮಾತ್ರ ಗೊತ್ತಿರಲಿಲ್ಲ.

ಅಜ್ಜಿಯೂ ಚಿಟ್ಟೆಯನ್ನೇ ಕೂಗುತ್ತಿದ್ದಾಳೆ ಎಂದುಕೊಂಡ ಸೂತೇ. ಪಾಪ, ಅಜ್ಜಿಯ ತೋಟಕ್ಕೂ ಇದೇ ಕಾಟ! ಗೋಡೆಯ ಮೇಲೆ ಕತ್ತು ಹಾಕಿ ಸಂತೈಸಿದ: "ನಾಬಿ ಚಿಂತೆ ಬಿಟ್ಬಿಡಿ ಅಜ್ಜಿ. ನನ್ನ ಕಡೆ ಬಂದಿದ್ದನ್ನೆಲ್ಲ ನಾನೇ ಮುಗಿಸಿದೀನಿ."

ಅಜ್ಜಿ ಅವನನ್ನೇ ನೋಡಿದಳು. "ಹೌದಾ... ಆಗ್ಲಪ್ಪ" ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೇರೆ ಸೀಮೆಯಾಗಿದ್ದರೆ ಅಲ್ಲೇ ಪೊರಕೆ ಎತ್ತಿಕೊಳ್ಳುತ್ತಿದ್ದರು. ಆದರೆ ನಮ್ಮ ಚುಂಗ್‌ಚೊಂಗ್ ಸೀಮೆಯವರು ಯಾವುದನ್ನೂ ನೇರವಾಗಿ ಕೇಳುವವರಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ 'ನಿಮ್ಮ ಕಡೆ ಸ್ವಲ್ಪ ಬೆಚ್ಚಗಿದೆ ಅಂತ ಕಾಣುತ್ತೆ' ಅನ್ನುವ ಜನ.

ಸೂತೇಗೆ ಉಪಕಾರ ಮಾಡಿದ ಖುಷಿ. ಹೊಸದಾಗಿ ತಂದಿದ್ದ ಬಿಳಿ ಬಲೆಯನ್ನು ಕೋಸಿನ ಪಾತಿಯ ಮೇಲೆ ಹೊದಿಸಿ, ಅಂಚಿಗೆ ಮಣ್ಣು ಎಳೆದು, ಸುತ್ತ ಇಟ್ಟಿಗೆ ಹೇರಿದ. ಸೊಳ್ಳೆಗೂ ಸಂದಿಲ್ಲ. "ಇನ್ನು ಹೇಗೆ ಬರ್ತೀಯೋ ಬಾ" ಎಂದು ಗಾಳಿಗೆ ಸವಾಲು ಹಾಕಿ ಬಸ್ಸು ಹತ್ತಿದ.

ನಮ್ಮೂರ ಪ್ರವಾಸದ ಬಸ್ಸು ಊರ ಗಡಿ ದಾಟುವ ಮೊದಲೇ ಕುಣಿತ ಶುರುವಾಗುವುದು ವಾಡಿಕೆ. ನೇರಳೆ ಪರದೆ ಎಳೆದು, ಬಣ್ಣದ ದೀಪ ಹಾಕಿ, ಹಾಡು ಹಚ್ಚಿದರೆ ಮಂಡಿನೋವಿನ ಅಜ್ಜಿಯರೂ ಎದ್ದು ನಿಲ್ಲುತ್ತಾರೆ. ಆ ದಿನ ದೀಪ ಮಿನುಗಿತು, ಹಾಡೂ ಬಂತು, ಒಬ್ಬರೂ ಏಳಲಿಲ್ಲ. ಊರ ಯಜಮಾನ ತಾಕ್ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ, ಮತ್ತೆ ಮೈಕು ಕೆಳಗಿಟ್ಟ. ಬೇಯಿಸಿದ ಮೊಟ್ಟೆಯ ಬುಟ್ಟಿ ಕೈಯಿಂದ ಕೈಗೆ ಹೋಗುತ್ತ ಸೂತೇಯ ಸಾಲನ್ನು ಮಾತ್ರ ಹಾರಿತು. ಅಜ್ಜಿ ಮುಂದಿನ ಸಾಲಿನಲ್ಲಿ ಕಿಟಕಿಗೆ ಹಣೆ ಕೊಟ್ಟು ಕೂತಿದ್ದಳು.

ಗುಮ್ಹೀ ಇದ್ಯಾವುದನ್ನೂ ಕಾಣಲಿಲ್ಲ. ಬಸ್ಸೆಂದರೆ ಅವಳಿಗೆ ವಾಂತಿ. ಕಿವಿಯ ಹಿಂದೆ ಔಷಧದ ಪಟ್ಟಿ ಅಂಟಿಸಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಸೊಸಾನ್ ಅಕ್ಕ ಬಂದು ಸೂತೇಯ ಪಕ್ಕದ ಸೀಟಿನ ಅಂಚಿನಲ್ಲಿ ಕೂತಳು. "ಬಾಂಗ್ ಸಾಹೇಬ್ರೆ, ಊರು ಹಿಡಿಸ್ತಾ? ಏನೂ ತೊಂದ್ರೆ ಇಲ್ವಲ್ಲ? ನಾಬಿ ಗೀಬಿ ಅಂತ..."

"ಅಯ್ಯೋ, ಕೇಳ್ಬೇಡಿ ಅಕ್ಕ!" ಸೂತೇಗೆ ಇಷ್ಟು ದಿನಕ್ಕೆ ಒಬ್ಬರು ಕಷ್ಟ ಕೇಳುವವರು ಸಿಕ್ಕಿದ್ದರು. "ಅದ್ರ ಕಾಟ ತಡೆಯೋಕಾಗ್ದೆ ಈಗ ಬೇಟೆಗೇ ಇಳಿದಿದೀನಿ."

"ವಿಷ ಗಿಷ ಏನಾದ್ರೂ..."

"ಛೆ ಛೆ! ವಿಷ ಹಾಕೋದುಂಟಾ? ನಾವೇ ತಿನ್ನೋದಲ್ವಾ!"

ಹಿಂದಿನ ಸಾಲಿನಲ್ಲಿ ಯಾರದೋ ಬಾಯಿಂದ ಮೊಟ್ಟೆ ಜಾರಿ ಬಿತ್ತು.

"ಮತ್ತೆ... ಹೇಗೆ?" ಸೊಸಾನ್ ಅಕ್ಕನ ದನಿ ಅರ್ಧ ಒಳಗೇ ಉಳಿಯಿತು.

"ಬರೀ ಕೈಯಲ್ಲಿ. ದೊಡ್ಡದನ್ನ ಎರಡು ಕೈ ಚಪ್ಪಾಳೆ ಹಾಗೆ ತಟ್ಟಿದ್ರೆ ಮುಗೀತು. ಮರಿಗಳಿಗೆ ಊಟದ ಕಡ್ಡಿ. ಮೆತ್ತಗೆ ಹಿಡಿದು ಸೋಪಿನ ನೀರಿಗೆ ಬಿಟ್ಬಿಡೋದು. ಸ್ವಲ್ಪ ಹೊತ್ತು ಒದ್ದಾಡ್ತವೆ, ಅಷ್ಟೆ."

"ನಿಮ್ಮ ಮನೆಯೋರು ಏನೂ ಅನ್ನಲ್ವಾ?"

"ಗುಮ್ಹೀನಾ? ಮೊದ್ಲು ಹೇಸ್ಕೊಳ್ತಿದ್ಲು. ಈಗ ನನಗಿಂತ ಚುರುಕು! ಆಡ್ತಾ ಮಾತಾಡ್ತಾ ಒಂದು ಬಟ್ಟಲು ಹಿಡಿದುಬಿಡ್ತಾಳೆ."

ಎಲ್ಲರೂ ಬಾಯಿ ತೆರೆದು ಮಲಗಿದ್ದ ಗುಮ್ಹೀಯ ಕಡೆ ನೋಡಿದರು. ಸೂತೇಗೆ ಉತ್ಸಾಹ ಏರಿತು. ಊರವರ ಮನಸ್ಸು ಗೆಲ್ಲಲು ಇದೇ ಸಮಯ ಎಂದುಕೊಂಡು ಕೋಸಿನ ಮಾತಿಗೆ ಹಾರಿದ, ಕೋಸು ಎಂಬ ಒಂದು ಪದವನ್ನು ಮಾತ್ರ ಹೇಳಲು ಮರೆತ.

"ಈ ಸಲ ಚೆನ್ನಾಗಿ ಕೊಬ್ಬಿವೆ ಅಕ್ಕ. ಇವತ್ತು ಸೀಗಡಿ ತಗೊಂಡು ಹೋಗಿ, ಉಪ್ಪಿಗೆ ಹಾಕಿ, ಸೀಳಿ, ಮೆಣಸಿನ ಪುಡಿ ಸವರಿ ಜಾಡಿಗೆ ತುಂಬ್ಸಿದ್ರೆ ಚಳಿಗಾಲಕ್ಕೆ ಚಿಂತೆ ಇಲ್ಲ. ನಿಮಗೂ ಒಂದು ಜಾಡಿ ಕಳಿಸ್ತೀನಿ. ಹಾನ್‌ಸಿಲ್ ಅಜ್ಜಿಗಂತೂ ಮೊದಲನೇ ಜಾಡಿ. ಅವರ ಪಕ್ಕದಲ್ಲೇ ಬೆಳೆದದ್ದಲ್ವಾ!"

ಸೊಸಾನ್ ಅಕ್ಕ ಎದ್ದು ಹೋದಳು. ಹೋಗುವಾಗ ಸೀಟು ಸೀಟು ಹಿಡಿದುಕೊಂಡು ಹೋದಳು.

ಬಂದರಿನಲ್ಲಿ ಇಳಿದ ಮೇಲೆ ಯಜಮಾನ ತಾಕ್ ಸೂತೇಯ ತೋಳು ಹಿಡಿದು ಪಕ್ಕಕ್ಕೆ ಕರೆದ. ಸಮುದ್ರ ನೋಡಿದ, ಆಕಾಶ ನೋಡಿದ, ತನ್ನ ಬೂಟು ನೋಡಿದ.

"ಸಿಯೋಲಿನ ಬಸ್ಸು ಇಲ್ಲಿಂದಾನೇ ಹೊರಡುತ್ತಂತೆ" ಅಂದ.

"ಹೌದಾ? ಒಳ್ಳೇ ಅನುಕೂಲ."

"ಸೀಟು ಮೆತ್ತಗಿರುತ್ತಂತೆ."

"ಇರ್ಬಹುದು."

"ಕೆಲವು ಗಿಡ ಕೆಲವು ಮಣ್ಣಲ್ಲಿ ಬೇರು ಬಿಡಲ್ಲ ನೋಡಿ, ಬಾಂಗ್ ಸಾಹೇಬ್ರೆ. ಗಿಡದ್ದೂ ತಪ್ಪಲ್ಲ, ಮಣ್ಣಿಂದೂ ತಪ್ಪಲ್ಲ."

"ಸುಣ್ಣ ಹಾಕ್ಬೇಕು ಯಜಮಾನ್ರೆ" ಎಂದು ಸೂತೇ ಸಲಹೆ ಕೊಟ್ಟ. ತಾಕ್ ನಿಟ್ಟುಸಿರು ಬಿಟ್ಟು ಹೋದ.

ಮಧ್ಯಾಹ್ನದ ಊಟಕ್ಕೆ ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಸೂತೇ, ಗುಮ್ಹೀ, ಎರಡು ಸೀಟು ಖಾಲಿ, ಆಮೇಲೆ ಊರು. ಅಕ್ಕಿ ಹೆಂಡದ ಕೆಟಲು ಬಂತು. ನಮ್ಮಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವುದು ಅನಾಥನ ಲಕ್ಷಣ, ಪಕ್ಕದವರು ತುಂಬಿಸಬೇಕು. ಕೆಟಲು ಎಲ್ಲ ಲೋಟಕ್ಕೂ ಬಗ್ಗಿತು. ಸೂತೇ ಎರಡೂ ಕೈಯಲ್ಲಿ ಲೋಟ ಹಿಡಿದು ಕಾದ. ಕೆಟಲು ಅವನ ಹತ್ತಿರ ಬಂದು, ತಿರುಗಿ, ಬಂದ ದಾರಿ ಹಿಡಿಯಿತು.

ಗುಮ್ಹೀಯ ನಿದ್ದೆ ಪೂರ್ತಿ ಬಿಟ್ಟದ್ದು ಆಗ. ಖಾಲಿ ಲೋಟ ನೋಡಿದಳು, ಗಂಡನ ಮುಖ ನೋಡಿದಳು.

"ಏನ್ರೀ ಮಾಡಿದ್ರಿ?"

"ಏನೂ ಇಲ್ಲ ಕಣೇ, ನಿನ್ನಾಣೆ. ತೋಟದ ಮಾತಾಡ್ದೆ, ಅಷ್ಟೆ."

"ತೋಟದ ಮಾತಿಗೆ ಯಾರೂ ಲೋಟ ಖಾಲಿ ಬಿಡಲ್ಲ." ಅವಳ ಕಣ್ಣು ತುಂಬಿ ಬಂತು. "ಈ ಊರು ನನಗೆ ಹಿಡಿಸಿತ್ತು. ಹೋಗ್ಲಿ ಬಿಡಿ. ಸೂಟ್‌ಕೇಸು ಹೇಗೂ ತಯಾರಿದೆ."

ಸೂತೇ ಮೀನಿನ ಸಾರನ್ನು ಪಕ್ಕಕ್ಕೆ ಸರಿಸಿದ. ಸಿಯೋಲಿನಲ್ಲಿ ಕುಟ್ಟಿ ಜಗಳ ತಂದುಕೊಂಡಿದ್ದ, ಅದಕ್ಕೆ ಕಾರಣವಾದರೂ ಗೊತ್ತಿತ್ತು. ಇಲ್ಲಿ ಬಗ್ಗಿ ಬಗ್ಗಿ ನಡು ನೋವು ಬಂದಿದ್ದರೂ ಹೀಗಾಯಿತಲ್ಲ! ಸೀಗಡಿಯ ಡಬ್ಬ ಕೊಂಡು ಬಸ್ಸಿಗೆ ಬರುವಾಗ ಅವನ ನಡಿಗೆ ಹೆಣ ಹೊತ್ತವನಂತಿತ್ತು.

ವಾಪಸಿನ ದಾರಿಯಲ್ಲಿ, ಹಾಡು ಹಚ್ಚಿದ್ದರೂ, ಬಸ್ಸು ಸಾವಿನ ಮನೆಯಂತಿತ್ತು. ಸೂತೇ ಸೀಗಡಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಂದಿನ ಸಾಲಿನ ಹಾನ್‌ಸಿಲ್ ಅಜ್ಜಿ ಒಮ್ಮೆ ಹಿಂದೆ ತಿರುಗಿದಳು. ಅವಳ ಕಣ್ಣು ಆ ಡಬ್ಬದ ಮೇಲೆ ಬಿತ್ತು. ಅಷ್ಟೇ, ಏಳು ತಲೆಮಾರಿನ ಚುಂಗ್‌ಚೊಂಗ್ ಸಂಯಮ ಒಡೆದುಹೋಯಿತು.

"ನೇರವಾಗೇ ಕೇಳ್ತೀನಿ ಕಣೋ! ನನ್ನ ನಾಬೀನ ತಿಂದ್ಯಾ? ಇಲ್ಲ ಇನ್ನೂ ಉಪ್ಪಿಗೆ ಹಾಕ್ಬೇಕಾ?"

ಸೂತೇ ಬೆಪ್ಪಾದ. "ನಿಮ್ಮ ನಾಬಿನಾ? ಅದ್ರಲ್ಲಿ ನಿಂದು ನಂದು ಅಂತ ಉಂಟಾ ಅಜ್ಜಿ? ರೆಕ್ಕೆ ಇರೋ ಜೀವ, ಹಾರ್ಕೊಂಡು ಯಾರ ತೋಟಕ್ಕಾದ್ರೂ ಬರುತ್ತೆ."

ಬಸ್ಸಿನ ಚಾಲಕ ಹಾಡು ನಿಲ್ಲಿಸಿದ.

"ರೆಕ್ಕೆ?" ಅಂದಳು ಅಜ್ಜಿ. "ನನ್ನ ನಾಬಿಗೆ ಯಾವಾಗೋ ರೆಕ್ಕೆ ಬಂತು? ನಾಲ್ಕು ಕಾಲು, ಒಂದು ಬಾಲ, ಈ ಕಡೆ ಮೂರು ಮೀಸೆ ಆ ಕಡೆ ಮೂರು ಮೀಸೆ!"

ಗುಮ್ಹೀಗೇ ಮೊದಲು ಹೊಳೆಯಿತು. "ಅಯ್ಯೋ ದೇವರೇ! ಬೆಕ್ಕು ಕಣ್ರೀ! ಅಜ್ಜಿ ಹೇಳ್ತಿರೋದು ಬೆಕ್ಕು! ಅಜ್ಜಿ, ನಮ್ಮೋರು ಹೇಳ್ತಿದ್ದಿದ್ದು ಕೋಸಿಗೆ ಬರೋ ಬಿಳಿ ಚಿಟ್ಟೆ! ಇವರು ಬೆಕ್ಕು ಹಿಡಿಯೋದಿರ್ಲಿ, ಬೆಕ್ಕೇ ಬಂದು ಇವರನ್ನ ಹಿಡ್ಕೊಂಡ್ರೂ ಬಿಡಿಸ್ಕೊಳ್ಳೋಕೆ ಬರಲ್ಲ!"

ಹಿಂದಿನ ಸೀಟಿನಿಂದ ಯಾರೋ, ಬೆಳಿಗ್ಗೆ ಮೊಟ್ಟೆ ಉದುರಿಸಿಕೊಂಡವನೇ ಇರಬೇಕು, ಖೊಕ್ ಎಂದು ನಕ್ಕ. ಅದು ಸಾಲಿಂದ ಸಾಲಿಗೆ ಹಬ್ಬಿತು. ಸೊಸಾನ್ ಅಕ್ಕ ಬಸ್ಸಿನ ನೆಲದ ಮೇಲೇ ಕೂತುಬಿಟ್ಟಳು. "ಕೊಬ್ಬಿವೆ ಅಂದ್ರಲ್ಲ... ಸೀಳಿ ಅಂದ್ರಲ್ಲ..." ಎಂದು ಹೊಟ್ಟೆ ಹಿಡಿದುಕೊಂಡಳು. ಯಜಮಾನ ತಾಕ್ ಸೀಟಿನಡಿಯಿಂದ ಹೆಂಡದ ಕೆಟಲು ತೆಗೆದು, ಸೂತೇಯ ಕೈಗೊಂದು ಲೋಟ ಕೊಟ್ಟು ತುಂಬಿಸಿದ, ಅವನು ಕುಡಿದ, ಇನ್ನೊಬ್ಬರು ತುಂಬಿಸಿದರು. ಮಧ್ಯಾಹ್ನದ ಬಾಕಿಯೆಲ್ಲ ಬಡ್ಡಿ ಸಮೇತ ಬಂತು. ಬಣ್ಣದ ದೀಪ ಹತ್ತಿತು. ಮೂರು ಅಪಾರ್ಟ್‌ಮೆಂಟಿನಲ್ಲಿ ಬೇರೆಯವರ ಕಾಲ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದ ಬಾಂಗ್ ಸೂತೇ ಬಸ್ಸಿನ ನೆಲ ಕಿತ್ತುಹೋಗುವಂತೆ ಕುಣಿದ. ಅವನ ಮೈಯೆಲ್ಲ ಹಗುರಾಗಿತ್ತು.

ಅಜ್ಜಿಯೂ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ಒರೆಸಿಕೊಳ್ಳುತ್ತಲೇ ಇದ್ದಳು. "ನೀನು ತಿಂದಿಲ್ಲ ಸರಿ. ಮತ್ತೆ ಅವಳೆಲ್ಲಿ?"

ಸೂತೇಯ ಕುಣಿತ ನಿಂತಿತು. "ನಾನು ಹುಡುಕಿ ಕೊಡ್ತೀನಿ ಅಜ್ಜಿ" ಅಂದ. ಆ ಮಾತು ಹೆಂಡದ್ದಲ್ಲ, ಅವನದೇ.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಬಸ್ಸಿಗೆ ಬಸ್ಸೇ ಹುಡುಕಲು ಇಳಿಯಿತು. "ನಾಬೀ, ನಾಬೀ" ಎಂದು ಓಣಿ ಓಣಿ ಮೊಳಗಿತು. ಸೂತೇ ತನ್ನ ಗೇಟಿನಲ್ಲಿ ನಿಂತು, "ಎಲ್ರೂ ಸ್ವಲ್ಪ ಸುಮ್ನಿರಿ" ಎಂದು ಕೈ ಎತ್ತಿದ. ಲಿಫ್ಟಿನ ಹಗ್ಗ ಕೇಳಿದ ಕಿವಿ ಅದು. ದಾರ ಎಳೆದಷ್ಟು ಸಣ್ಣ ದನಿಯೊಂದು ಕೇಳಿಸಿತು, ಅದರ ಹಿಂದೆ ಇನ್ನೊಂದು, ಮತ್ತೊಂದು.

ದನಿ ಬರುತ್ತಿದ್ದದ್ದು ಅವನದೇ ಕೋಸಿನ ಪಾತಿಯಿಂದ.

ಬಿಳಿ ಬಲೆಯೊಳಗೆ, ನಡುವಿನ ಮೂರು ದಪ್ಪ ಕೋಸುಗಳನ್ನು ಚಪ್ಪಟೆ ಮಾಡಿ ಹಾಸಿಗೆ ಮಾಡಿಕೊಂಡು, ಮೂರು ಬಣ್ಣದ ನಾಬಿ ಮಲಗಿದ್ದಳು. ಹೊಟ್ಟೆಯ ತುಂಬ ಮರಿಗಳು ಕಚ್ಚಿಕೊಂಡಿದ್ದವು. ರಾತ್ರಿಯೇ ಜಾಗ ಹಿಡಿದು ಮಲಗಿದ್ದವಳ ಮೇಲೆ ಬೆಳಿಗ್ಗೆ ಸೂತೇ, ಬಸ್ಸಿನ ಅವಸರದಲ್ಲಿ ನಡುವೆ ಇಣುಕದೆ, ತನ್ನ ಕೈಯಾರೆ ಬಲೆ ಹೊದಿಸಿ, ಇಟ್ಟಿಗೆ ಹೇರಿ, ಬಂದೋಬಸ್ತು ಮಾಡಿ ಹೋಗಿದ್ದ.

"ನನ್ನ ಬಂಗಾರ!" ಅಜ್ಜಿ ಮಣ್ಣಿನಲ್ಲೇ ಕೂತು ಅತ್ತಳು. ಗುಮ್ಹೀ ಮನೆಯೊಳಗೆ ಓಡಿದಳು. ಹೊಸ್ತಿಲ ಬಳಿ ಆ ಕಂದು ಸೂಟ್‌ಕೇಸನ್ನು ಅಡ್ಡ ಕೆಡವಿ, ಬೀಗ ತೆಗೆದು, ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ತಳದಲ್ಲಿದ್ದ ಹಳೆಯ ಉಣ್ಣೆಯ ಶಾಲು ತಂದು ಅಜ್ಜಿಯ ಕೈಗಿಟ್ಟಳು. ಖಾಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿದ್ದನ್ನು ಸೂತೇ ನೋಡಿದ. ಇಡೀ ಜನ್ಮದಲ್ಲಿ ಅಷ್ಟು ಚೆಂದದ ವಸ್ತುವನ್ನು ಅವನು ನೋಡಿರಲಿಲ್ಲ.

ಕಣ್ಣೊರೆಸಿಕೊಂಡ ಅಜ್ಜಿ ಕೆಲಸಕ್ಕೆ ಇಳಿದಳು. ಮೊದಲು ಇಟ್ಟಿಗೆ ತೆಗೆಸಿದಳು. "ತಾಯಿ ಓಡಾಡ್ಬೇಕಲ್ಲ, ಬಲೆ ಮೇಲಕ್ಕೆತ್ತಿ ಕಟ್ಟು." ಸೂತೇ ಕಟ್ಟಿದ. ಅಜ್ಜಿ ಶಾಲನ್ನು ಬೆಕ್ಕಿನ ಪಕ್ಕ ಇಟ್ಟಳು. ಆಮೇಲೆ ಹುಲ್ಲು ತರಿಸಿ ಹಗ್ಗ ಹೊಸೆದಳು, ಎಡಗೈ ತಿರುವಿನ ಹಗ್ಗ. ನಮ್ಮಲ್ಲಿ ಹೆರಿಗೆಯಾದ ಮನೆಯ ಬಾಗಿಲಿಗೆ ಕಟ್ಟುವಂಥದ್ದು. ಗಂಡು ಮಗುವಾದರೆ ಕೆಂಪು ಮೆಣಸಿನಕಾಯಿ, ಹೆಣ್ಣಾದರೆ ಬರೀ ಇದ್ದಿಲು, ಪೈನ್ ಮರದ ರೆಂಬೆ. ಮರಿಗಳಲ್ಲಿ ಯಾವುದು ಏನೋ ಗೊತ್ತಾಗದೆ ಎಲ್ಲವನ್ನೂ ಸಿಕ್ಕಿಸಿದಳು. ಮೆಣಸಿನಕಾಯಿ ಸೂತೇಯ ಗಿಡದ್ದೇ. ಹಗ್ಗವನ್ನು ಪಾತಿಯ ಸುತ್ತ ಕಟ್ಟಿ ಹೇಳಿದಳು: "ಮೂರು ಏಳು ಕಳೆಯೋವರೆಗೆ ಒಳಗೆ ಯಾರೂ ಕಾಲಿಡಂಗಿಲ್ಲ."

"ಮೂರು ವಾರಾನಾ?" ಸೂತೇಯ ದನಿ ಸಣ್ಣದಾಯಿತು. "ಅಜ್ಜಿ, ಬೆಳಿಗ್ಗೆ ಒಂದು ಗಳಿಗೆ, ಹುಳ ಹೆಕ್ಕೋಕೆ ಮಾತ್ರ..."

"ಮನುಷ್ಯರ ವಾಸನೆ ಬಿದ್ರೆ ತಾಯಿ ಮರಿಗಳನ್ನ ತಿಂದುಬಿಡ್ತಾಳೆ. ನೀನೇ ನೋಡು, ನಿನ್ನಿಷ್ಟ."

ಇದು ಮತ್ತೆ ನಮ್ಮ ಸೀಮೆಯ ಮಾತು. ಅದರ ಅರ್ಥ ಸೂತೇಗೆ ಈಗ ತಿಳಿಯುತ್ತಿತ್ತು. ಅವನು ಗುಮ್ಹೀಯ ಮುಖ ನೋಡಿದ. ಅವಳು ಸೂಟ್‌ಕೇಸಿನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಬೀರುವಿಗೆ ಒಯ್ಯುತ್ತ, ಸಣ್ಣಗೆ ಏನೋ ಗುನುಗುತ್ತಿದ್ದಳು. ಸೂತೇ ಹುಳ ಹೆಕ್ಕಲೆಂದು ತಂದಿದ್ದ ಊಟದ ಕಡ್ಡಿಯನ್ನು ಜೇಬಿಗೆ ಇಳಿಸಿದ.

ಅಷ್ಟರಲ್ಲಿ ಊರ ಕಂಬದ ಧ್ವನಿವರ್ಧಕ ಕೆಮ್ಮಿತು. "ಆ... ಆ... ಕೇಳ್ತಿದೆಯಾ? ನಾನು ಯಜಮಾನ ತಾಕ್. ಬಾಂಗ್ ಸಾಹೇಬರ ತೋಟದಲ್ಲಿ ನಾಬಿಗೆ ಸುಖವಾಗಿ ಹೆರಿಗೆ ಆಗಿದೆ. ಆದ್ರಿಂದ ಆ ತೋಟದಲ್ಲಿರೋ ನಾಬೀನಾಗ್ಲಿ, ನಾಬಿ ಮರಿಗಳನ್ನಾಗ್ಲಿ ಮೂರು ವಾರ ಯಾರೂ ಮುಟ್ಟಬಾರ್ದು. ಯಾರೂ ಅಂದ್ರೆ, ಬಾಂಗ್ ಸಾಹೇಬ್ರೂ ಸೇರಿ."

ಸೂತೇ ಪಾತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ನೆಮ್ಮದಿಯ ಉಸಿರು ಬಿಟ್ಟ. ಆಗ ಎಲ್ಲಿಂದಲೋ ಬೆಳಗಿನ ಆ ಬಿಳಿ ಚಿಟ್ಟೆ ಬಂತು. ಹುಲ್ಲಿನ ಹಗ್ಗದ ಮೇಲೆ, ಒಂದು ಕೆಂಪು ಮೆಣಸಿನಕಾಯಿಯ ಪಕ್ಕ ಕೂತು ರೆಕ್ಕೆ ಬಿಚ್ಚಿ ಮುಚ್ಚಿತು. ಅವನ ಎರಡೂ ಕೈ ತಾವಾಗಿಯೇ ಮೇಲೆದ್ದವು.

ಗೋಡೆಯಾಚೆ ಸೊಸಾನ್ ಅಕ್ಕ ಕೆಮ್ಮಿದಳು.

ಸೂತೇ ಎದ್ದು ನಿಂತ. ಚಿಟ್ಟೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.